ಹದಿಮೂರನೆಯ ಪಾಲು

"ಇದೂ ಒಂದು ಪಾಯಿಂಟ್ ಎಂಟು," ಎಂದು ಔಷಧ ಕೋಣೆಯವನು ತಕ್ಕಡಿಯ ಮೇಲಿದ್ದ ಪೊಟ್ಟಣವನ್ನು ಚಿಮಟದಲ್ಲಿ ಎತ್ತಿದ. "ಒಂಬತ್ತನೇದು ಮೇಡಂ. ಒಂಬತ್ತಕ್ಕೂ ಒಂದೇ ತೂಕ."

ತಪಾಸಣಾಧಿಕಾರಿ ಕಿವಿಗೊಟ್ಟು ಕೇಳಿ, ಅದನ್ನು ಬರೆದುಕೊಂಡರು. ಕಚೇರಿಯಲ್ಲಿ ಎಲ್ಲರೂ ಬೆನ್ನ ಹಿಂದೆ ಅವರನ್ನು ಕಿವಿಯಮ್ಮ ಎನ್ನುತ್ತಿದ್ದರು. ಅದೂ ಅವರ ಕಿವಿಗೆ ಬಿದ್ದಿತ್ತು. ಅವರೇನೂ ಬೇಸರ ಮಾಡಿಕೊಂಡಿರಲಿಲ್ಲ.

"ನಿಮ್ಮ ಯಂತ್ರ ಎಷ್ಟು ತುಂಬುತ್ತೆ?"

"ಎರಡು ಗ್ರಾಂ."

"ಸರಿಯಾಗಿ ಎರಡಾ?"

"ಯಂತ್ರಕ್ಕೇನು ಮೇಡಂ, ಹೆಂಡತಿ ಮಕ್ಕಳ ಭಯವಾ?" ಅವನು ನಗಲು ನೋಡಿದ. "ಒಂದ್ಸಲ ಚೂರು ಜಾಸ್ತಿ ಸುರಿಯತ್ತೆ, ಒಂದ್ಸಲ ಚೂರು ಕಮ್ಮಿ. ಸರಾಸರಿ ನೋಡಿದ್ರೆ ಎರಡು."

"ಇದರಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ. ಹಾಗಾದ್ರೆ ಇದು ಯಂತ್ರ ತುಂಬಿದ್ದಲ್ಲ. ಯಾರೋ ಕೈಯಲ್ಲಿ, ಉಸಿರು ಹಿಡಿದು ತೂಗಿದ್ದು."

ನಗು ಅಲ್ಲಿಗೇ ನಿಂತಿತು. ಮಕ್ಕಳು ಅವನನ್ನು ಪುಡಿ ಮಾಮ ಎಂದು ಕರೆಯುತ್ತಿದ್ದರು. ಮೂರು ದಿನದಿಂದ ಆಸ್ಪತ್ರೆಯ ಮಿಕ್ಕವರು ಅವನನ್ನು ಏನೆಂದೂ ಕರೆಯುತ್ತಿರಲಿಲ್ಲ. ಎದುರಾದರೆ ಗೋಡೆ ನೋಡುತ್ತಿದ್ದರು.

ನಡೆದದ್ದು ಇಷ್ಟು. ಹನ್ನೆರಡು ಮಕ್ಕಳಿಗೂ ಹುಟ್ಟಿನಿಂದ ಬಂದ ಒಂದೇ ಕಾಯಿಲೆ. ಹಾಲು, ಮೊಟ್ಟೆ, ಕಾಳು, ಏನೇ ತಿಂದರೂ ಅದರೊಳಗಿನ ಒಂದು ಅಂಶ ಅರಗದೆ ರಕ್ತದಲ್ಲಿ ಉಳಿದು, ಮೆಲ್ಲಮೆಲ್ಲಗೆ ಮಿದುಳನ್ನು ಮಂಕಾಗಿಸುತ್ತದೆ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಸೇರಿ ಆದ ಬಳುವಳಿ. ಅದಕ್ಕೆ ಬಂದದ್ದು ಈ ಪುಡಿ, ಜೀವವಿರುವ ಔಷಧ. ಕರುಳಿಗೆ ಒಗ್ಗುವ ಒಂದು ಸಾಧು ಸೂಕ್ಷ್ಮಜೀವಿಯನ್ನು ತಿದ್ದಿ, ಆ ಅಂಶವನ್ನು ಅದೇ ತಿಂದುಹಾಕುವ ಹಾಗೆ ಮಾಡಿದ್ದರು. ಒಣಗಿಸಿಟ್ಟರೆ ಮಲಗಿರುತ್ತದೆ, ನೀರು ಬಿದ್ದರೆ ಏಳುತ್ತದೆ, ಒಂದೆರಡು ದಿನ ದುಡಿದು ಹೊರಟುಹೋಗುತ್ತದೆ. ಅದಕ್ಕೇ ದಿನಕ್ಕೆ ಮೂರು ಪೊಟ್ಟಣ, ಒಂದು ದಿನವೂ ತಪ್ಪುವಂತಿಲ್ಲ.

ಪ್ರಯೋಗಕ್ಕೆಂದು ಆರು ಮಕ್ಕಳಿಗೆ ನಿಜವಾದ ಪುಡಿ. ಇನ್ನಾರು ಮಕ್ಕಳಿಗೆ ನೋಡಲು ಅಂಥದ್ದೇ ಆದ ಬರೀ ಹಿಟ್ಟು. ಯಾರಿಗೆ ಯಾವುದು ಎಂದು ಡಾಕ್ಟರಿಗೂ ಹೇಳಿರಲಿಲ್ಲ. ರಕ್ತದಲ್ಲಿ ಆ ಅಂಶ ಎಷ್ಟು ಉಳಿದಿದೆ ಎಂದು ಹೇಳುವ ಅಂಕಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಂಡರೆ ಪುಡಿ ಗೆದ್ದಂತೆ.

ವ್ಯತ್ಯಾಸವೇ ಇರಲಿಲ್ಲ. ಹನ್ನೆರಡು ಮಕ್ಕಳ ಹೊಟ್ಟೆಯಲ್ಲೂ ಆ ಜೀವ ಸಿಕ್ಕಿತು. ಹನ್ನೆರಡು ಮಕ್ಕಳ ಅಂಕವೂ ಒಂದೇ ಅಳತೆಗೆ ಇಳಿದಿತ್ತು. ಯಾರೋ ಪೊಟ್ಟಣಗಳಿಗೆ ಕೈ ಹಾಕಿದ್ದಾರೆ. ಕೋಣೆಯ ಬೀಗದ ಕೈ ಇದ್ದದ್ದು ಪುಡಿ ಮಾಮನ ಸೊಂಟದಲ್ಲಿ ಮಾತ್ರ. ಸಂಜೆ ಐದಕ್ಕೆ ಪ್ರಯೋಗದ ಮೇಲ್ವಿಚಾರಣಾ ಸಮಿತಿ ಕೂಡುತ್ತದೆ. ಅಷ್ಟರಲ್ಲಿ ಯಾರು, ಯಾಕೆ ಎಂದು ಗೊತ್ತಾಗದಿದ್ದರೆ ಪುಡಿಯನ್ನೆಲ್ಲ ಸುಟ್ಟು ಪ್ರಯೋಗದ ಬಾಗಿಲು ಮುಚ್ಚುತ್ತಾರೆ.

ಗೋಡೆಯ ಗಡಿಯಾರದಲ್ಲಿ ಒಂದೂವರೆ.

"ಬಿಸ್ಕತ್ತು ತಗೊಳ್ಳಿ ಮೇಡಂ," ಪುಡಿ ಮಾಮ ಡಬ್ಬಿ ಮುಂದಿಟ್ಟ. "ಬೆಳಿಗ್ಗೆಯಿಂದ ಖಾಲಿ ಹೊಟ್ಟೇಲಿ ಕೂತಿದೀರಿ. ಪಕ್ಕದ ಕೋಣೆ ತಂಗಿಗೆ ನಾಲ್ಕು ವರ್ಷದಿಂದ ಕೊಡ್ತಾ ಬಂದೆ, ಒಂದು ದಿನ ಮುಟ್ಟಲಿಲ್ಲ. ನೀವಾದ್ರೂ ನನ್ನ ಮರ್ಯಾದೆ ಉಳಿಸಿ."

ಕಿವಿಯಮ್ಮ ಒಂದು ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಪೊಟ್ಟಣವನ್ನು ಬೆಳಕಿಗೆ ಹಿಡಿದರು. ಜ್ವರ ಬಂದ ದಿನಗಳಲ್ಲಿ ಮಕ್ಕಳು ಕುಡಿಯದೆ ಉಳಿದು ಮನೆಗಳಿಂದ ವಾಪಸಾದ ಪೊಟ್ಟಣಗಳು ಇವು. ಕೆಳಗಿನ ಅಂಚಿನಲ್ಲಿ ಯಂತ್ರದ ಬೆಸುಗೆ, ಬಾಚಣಿಗೆಯ ಹಲ್ಲಿನಂತೆ ಗೆರೆಗೆರೆ. ಮೇಲಿನ ಅಂಚು ನುಣ್ಣಗೆ, ಗೆರೆಯೇ ಇಲ್ಲದೆ ಚಪ್ಪಟೆಯಾಗಿತ್ತು. ಅದರೊಳಗೆ ಕಣ್ಣು ಕಿರಿದು ಮಾಡಿದರಷ್ಟೇ ಕಾಣುವ ಒಂದು ನಾರು ಸಿಕ್ಕಿಕೊಂಡಿತ್ತು. ನೀಲಿ ನಾರು.

"ನಿಮ್ಮ ಹತ್ತಿರ ಬೆಸುಗೆ ಹಾಕೋದು ಏನಿದೆ?"

"ಅಗೋ ಅದೊಂದೇ. ಹಲ್ಲಿನದ್ದು."

"ನೀಲಿ ಬಟ್ಟೆ?"

"ಇಲ್ಲಿ ಎಲ್ಲಾ ಹಸಿರು. ನನ್ನ ಕರ್ಚೀಫೂ ಹಸಿರು." ಅವನು ತೆಗೆದೂ ತೋರಿಸಿದ.

ಕಿವಿಯಮ್ಮ ಕಿಟಕಿಗೆ ಬಂದರು. ರಸ್ತೆಯ ಆಚೆ ಬದಿಗೆ ಒಂದು ಬೇಕರಿ, ಒಂದು ಚಪ್ಪಲಿ ರಿಪೇರಿ, ಮಧ್ಯದಲ್ಲಿ ಬಾಗಿಲಿನಿಂದ ಬಿಳಿ ಹಬೆ ಉಗುಳುತ್ತಿದ್ದ ಲಾಂಡ್ರಿ. ಆಸ್ಪತ್ರೆಯ ಬಿಳಿ ಕೋಟುಗಳೆಲ್ಲ ಅಲ್ಲಿಗೇ ಹೋಗಿ ಅಲ್ಲಿಂದಲೇ ಬರುತ್ತಿದ್ದವು. ಅವರು ಚೀಲದಿಂದ ಹನ್ನೆರಡು ಮನೆಗಳ ಪಟ್ಟಿ ತೆಗೆದು, ತಾಯಿಯ ಉದ್ಯೋಗ ಎಂಬ ಸಾಲಿನ ಮೇಲೆ ಬೆರಳಾಡಿಸಿದರು. ಏಳನೆಯ ಮನೆಯಲ್ಲಿ ಬೆರಳು ನಿಂತಿತು.

"ಬೆಸುಗೆ ಅಲ್ಲ," ಎಂದು ತಮಗೇ ಹೇಳಿಕೊಂಡರು. "ಇಸ್ತ್ರಿ."

*

ಲಾಂಡ್ರಿಯೊಳಗೆ ಬೆಚ್ಚಗಿತ್ತು. ಉದ್ದನೆಯ ಮೇಜಿಗೆ ದಪ್ಪ ನೀಲಿ ಕಂಬಳಿ ಹೊದಿಸಿತ್ತು. ವರ್ಷಗಟ್ಟಲೆ ಶಾಖ ತಿಂದು ಅದರ ಜುಂಗು ಎದ್ದಿತ್ತು. ಮೇಜಿನ ಹಿಂದೆ ಇಸ್ತ್ರಿ ಅಕ್ಕ ನಿಂತಿದ್ದಳು, ಅಗಲ ಭುಜದ, ನಲವತ್ತರ ಹೆಂಗಸು. ಅವಳ ಕೈಯಲ್ಲಿ ಆಗ ಇಸ್ತ್ರಿ ಪೆಟ್ಟಿಗೆ ಇರಲಿಲ್ಲ. ಒಂದು ಬಿಳಿ ಕೋಟಿನ ಗುಂಡಿಗಳನ್ನು ಬಿಚ್ಚಿ, ಎರಡು ಬೆರಳು ಆಚೆಗೆ ಹೊಲಿಯುತ್ತಿದ್ದಳು. ಬಿಳಿ ದಾರ ಮುಗಿದಿತ್ತೋ ಏನೋ, ನೀಲಿಯಲ್ಲಿ.

ಬದಿಯ ಸ್ಟೂಲಿನ ಮೇಲೆ ಎಂಟು ವರ್ಷದ ಹುಡುಗಿ ಕೂತು ಕರ್ಚೀಫು ಮಡಿಸುತ್ತಿದ್ದಳು. ಶನಿವಾರ, ಅರ್ಧ ದಿನದ ಶಾಲೆ.

"ಇಪ್ಪತ್ತೆರಡು, ಇಪ್ಪತ್ಮೂರು, ಇಪ್ಪತ್ತೊಂದು..." ಹುಡುಗಿ ನಿಲ್ಲಿಸಿ, ಕಣ್ಣುಜ್ಜಿ, ಗುಡ್ಡೆ ಕೆಡವಿ ಮತ್ತೆ ಒಂದರಿಂದ ಹಿಡಿದಳು.

"ಏನಾಗಿದೆ ಲೆಕ್ಕಮ್ಮ ನಿಂಗೆ?" ತಾಯಿ ಹುಸಿಮುನಿಸಿನಲ್ಲಿ ಗದರಿದಳು. ಆಮೇಲೆ ಬಂದವರ ಕಡೆ ತಿರುಗಿ, "ಇವಳು ಎಣಿಸಿದ್ರೆ ನಾನು ತಿರುಗಿ ನೋಡೋ ಹಾಗೇ ಇರಲಿಲ್ಲ. ಈಗ ಮೂರು ವಾರದಿಂದ ಮರೆವು, ಆಕಳಿಕೆ. ದಿನಕ್ಕೆ ಒಂದು ತುಂಡು ಬ್ರೆಡ್ ತಿನ್ನಬಹುದು ಅಂತ ದೊಡ್ಡ ಡಾಕ್ಟರ್ ಹೇಳಿದ್ದೇ ಹೇಳಿದ್ದು, ಬ್ರೆಡ್ಡಿನ ಅಮಲು ಏರಿದೆ. ಏನ್ ಕೊಡಬೇಕಿತ್ತು? ಸೀರೆಯಾ, ಕೋಟಾ?"

ಕಿವಿಯಮ್ಮ ಪೊಟ್ಟಣವನ್ನು ನೀಲಿ ಕಂಬಳಿಯ ಮೇಲಿಟ್ಟರು. ಅಷ್ಟೇ. ಪಕ್ಕದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕೈ ಜೋಡಿಸಿ, ಪ್ರಾರ್ಥನೆಗೆ ಕೂತವರ ಹಾಗೆ ಕಣ್ಣು ತಗ್ಗಿಸಿದರು.

ಸೂಜಿ ಒಂದು ಸಲ ಒಳಗೆ ಹೋಗಿ ಹೊರಗೆ ಬಂತು. ಎರಡನೆಯ ಸಲ ಬರಲಿಲ್ಲ.

"ಪುಡಿ ಮಾಮನ್ನ ಹಿಡ್ಕೊಂಡು ಹೋಗ್ತಾರಾ?" ಇಸ್ತ್ರಿ ಅಕ್ಕ ಕೇಳಿದಳು.

"ಐದು ಗಂಟೆಗೆ ಗೊತ್ತಾಗತ್ತೆ."

"ಅಯ್ಯೋ ಪಾಪ, ಆ ಮನುಷ್ಯನಿಗೆ ಸೊಳ್ಳೆ ಹೊಡೆಯೋಕೂ ಕೈ ಬರಲ್ಲ." ಅವಳು ಕೋಟನ್ನು ಪಕ್ಕಕ್ಕಿಟ್ಟಳು. "ನೀವು ಬಯ್ಯಲ್ವಾ? ಬೈದ್ರೆ ನನಗೆ ಸುಲಭ. ಹೀಗೆ ಸುಮ್ನೆ ಕೂತ್ರೆ ಹೊಟ್ಟೆಯೊಳಗಿಂದ ಎಲ್ಲಾ ತಾನೇ ಎದ್ದು ಬರತ್ತೆ."

"ಬರಲಿ."

"ಮೊದಲನೇ ವಾರವೇ ಗೊತ್ತಾಗೋಯ್ತು ಮೇಡಂ. ನೀರಿಗೆ ಹಾಕಿದ್ರೆ ಕೆಲವರ ಪುಡಿ ಹುಳಿಹಿಟ್ಟಿನ ಹಾಗೆ ವಾಸನೆ ಹೊಡೆಯತ್ತೆ. ಕೆಲವರದ್ದು ಏನೂ ಇಲ್ಲ, ಸತ್ತ ಹಿಟ್ಟು. ನಾವು ಹನ್ನೆರಡು ಜನ ಆ ಆಸ್ಪತ್ರೆ ಬೆಂಚಿನ ಮೇಲೆ ಎಂಟು ವರ್ಷದಿಂದ ಕೂತು ಸವೆದೋರು. ಒಬ್ಬರ ಮಗುಗೆ ಜ್ವರ ಬಂದ್ರೆ ಇನ್ನೊಬ್ಬರಿಗೆ ನಿದ್ದೆ ಇಲ್ಲ. ನನ್ನ ಮಗಳದ್ದು ನಿಜದ್ದು. ಪಕ್ಕದಲ್ಲಿ ಕೂರೋ ದರ್ಜಿಯವಳ ಮಗನದ್ದು ಹಿಟ್ಟು. ನಾನು ಅವಳ ಮುಖ ಹೇಗೆ ನೋಡಲಿ, ಹೇಳಿ?"

"ಹಾಗಾಗಿ?"

"ಹಾಗಾಗಿ ಎಲ್ಲಾ ಒಂದೇ ಡಬ್ಬಿಗೆ ಸುರಿದ್ವಿ. ಪ್ರತಿ ಭಾನುವಾರ ಬೆಳಿಗ್ಗೆ, ಹಬೆ ಬಿಡೋಕೆ ಮುಂಚೆ. ನೀರಿನ ಪಸೆ ತಾಕಬಾರದು ಅಂತ ಕೈಗೆ ಚೀಲ ಕಟ್ಕೊಂಡು, ಬಾಯಿಗೆ ಬಟ್ಟೆ ಕಟ್ಕೊಂಡು. ಚೆನ್ನಾಗಿ ಕಲಸಿ, ತೂಗಿ, ಮತ್ತೆ ಅದೇ ಪೊಟ್ಟಣಕ್ಕೆ ತುಂಬಿ ಇಸ್ತ್ರಿ ಅಂಚಿನಿಂದ ಒತ್ತಿದ್ವಿ. ತೂಗೋದು ನಮಗೆ ಯಾರೂ ಕಲಿಸಬೇಕಿಲ್ಲ. ಮಗು ಹುಟ್ಟಿದಾಗಿನಿಂದ ಅನ್ನ ತೂಗಿದೀವಿ, ಆಲೂಗಡ್ಡೆ ತೂಗಿದೀವಿ, ಹುಟ್ಟಿದ ಹಬ್ಬಕ್ಕೆ ದ್ರಾಕ್ಷಿ ತೂಗಿದೀವಿ. ಪಕ್ಕದ ಮನೆಯವರು ನನ್ನ ನೋಡಿ, ಚಿನ್ನದಂಗಡಿ ಇಟ್ಟಿದಾಳೆ ಅಂತ ನಗ್ತಿದ್ರು."

ಕಿವಿಯಮ್ಮನಿಗೂ ನಗು ಬಂತು, ಆದರೆ ತುಟಿಗೆ ಬರುವಷ್ಟರಲ್ಲಿ ಕರಗಿತು. ಹನ್ನೆರಡು ಅಡುಗೆಮನೆಗಳಲ್ಲಿ ಗ್ರಾಮಿನ ತಕ್ಕಡಿ ಇಟ್ಟುಕೊಂಡ ಹನ್ನೆರಡು ಹೆಂಗಸರು. ಕಳ್ಳರಾಗಿದ್ದರೆ ಇಷ್ಟು ಸರಿಯಾಗಿ ತೂಗುತ್ತಿರಲಿಲ್ಲ.

"ಅಕ್ಕ, ಸಮಿತಿ ಏನು ಬರೆಯೋಕೆ ಹೊರಟಿದೆ ಗೊತ್ತಾ? ಪುಡಿ ಕುಡಿದ ಮಕ್ಕಳಿಗೂ ಹಿಟ್ಟು ಕುಡಿದ ಮಕ್ಕಳಿಗೂ ವ್ಯತ್ಯಾಸವೇ ಇಲ್ಲ. ಹಾಗಾಗಿ ಪುಡಿಯಿಂದಲೇ ಇಳೀತು ಅನ್ನೋಕೆ ಆಧಾರ ಇಲ್ಲ ಅಂತ."

ಇಸ್ತ್ರಿ ಅಕ್ಕ ಕಂಬಳಿಯ ಮೇಲಿದ್ದ ಪೊಟ್ಟಣವನ್ನು ಕೈಗೆತ್ತಿಕೊಂಡಳು.

"ನಾವು ಹಂಚ್ಕೊಂಡಿದ್ದಕ್ಕೆ..." ಎಂದಳು. "ಹಂಚ್ಕೊಂಡಿದ್ದಕ್ಕೆ ಪುಡಿನೇ ಸುಳ್ಳು ಅಂತಾರಾ?"

"ಇಷ್ಟು ಹೊತ್ತು ಹಾಗೇ ಅಂದ್ಕೊಂಡಿದ್ರು. ಅರ್ಧ ಪಾಲು ಕುಡಿದೂ ಹನ್ನೆರಡು ಮಕ್ಕಳದ್ದೂ ಇಳಿದಿದೆ ಅಂದ್ರೆ ಪುಡಿ ನಿಜ. ಅದನ್ನ ನಾನು ಹೇಳ್ತೀನಿ. ಆದರೆ ನಾನು ಹೇಳೋದ್ರಲ್ಲಿ ಒಂದು ತೂತು ಇರಬಾರದು. ಯಾರ್ಯಾರು ಕೂತಿದ್ರಿ, ಹೆಸರು ಬೇಡ, ಮಗು ಹೇಳಿ ಸಾಕು."

ಇಸ್ತ್ರಿ ಅಕ್ಕ ಬೆರಳು ಮಡಿಚತೊಡಗಿದಳು. "ನನ್ನ ಲೆಕ್ಕಮ್ಮ ಒಂದು. ದರ್ಜಿಯವಳ ಮಗ ಎರಡು. ಬಸ್ ಓಡಿಸೋಳ ಮಗಳು, ಮೂರಾಯ್ತು. ಮೇಷ್ಟ್ರ ಸೊಸೆಯ ಪುಟ್ಟದು. ಬೇಕರಿಯವನ ನಾದಿನಿ ಮಗ, ಗ್ರಹಚಾರ ನೋಡಿ, ಬೇಕರಿ ಮನೇಲಿ ಹುಟ್ಟಿ ಬನ್ನು ತಿನ್ನೋ ಹಾಗಿಲ್ಲ..."

ಕಿವಿಯಮ್ಮ ಕಣ್ಣು ಮುಚ್ಚಿ ಕೇಳುತ್ತಿದ್ದರು. ಚಿಕ್ಕಂದಿನಲ್ಲಿ ಮುಂಜಾನೆ ಅಪ್ಪ ಹಜಾರದಲ್ಲಿ ಕೂತು ಪದ್ಯ ಹೇಳುವಾಗ ಅವರು ಹೀಗೆಯೇ ಕಂಬಕ್ಕೊರಗಿ ಕೇಳುತ್ತಿದ್ದರು. ಅರ್ಥ ಆಗುವ ವಯಸ್ಸಲ್ಲ. ಆದರೂ ಅಪ್ಪ ಒಂದು ಸಾಲು ಮರೆತು ಮುಂದೆ ಹಾರಿದರೆ ತಿಳಿಯುತ್ತಿತ್ತು. ದನಿ ತಪ್ಪುತ್ತಿರಲಿಲ್ಲ. ಉಸಿರು ಮಾತ್ರ, ಇರಬೇಕಾದದ್ದಕ್ಕಿಂತ ಒಂದು ಎಳೆ ಉದ್ದವಾಗುತ್ತಿತ್ತು.

"...ಕೊನೆಗೆ ನರ್ಸಮ್ಮನ ತಂಗಿ ಮಗಳು. ಹನ್ನೆರಡು." ಇಸ್ತ್ರಿ ಅಕ್ಕ ಉಸಿರೆಳೆದುಕೊಂಡಳು. "ಅಷ್ಟೇ."

ಆ ಉಸಿರು ಒಂದು ಎಳೆ ಉದ್ದವಾಗಿತ್ತು.

"ಹನ್ನೆರಡು ಪೊಟ್ಟಣ ಸುರಿದು ಹನ್ನೆರಡು ಪಾಲು ಮಾಡಿದ್ರೆ ಮತ್ತೆ ಎರಡೆರಡು ಗ್ರಾಂ ಬರಬೇಕು," ಎಂದರು ಕಿವಿಯಮ್ಮ. "ಒಂದು ಪಾಯಿಂಟ್ ಎಂಟು ಯಾಕೆ ಬಂತು?"

"ಕಲಸೋವಾಗ ಚೆಲ್ಲತ್ತೆ."

"ಒಂಬತ್ತು ಪೊಟ್ಟಣದಲ್ಲೂ ಅಷ್ಟಷ್ಟೇ ಚೆಲ್ಲತ್ತಾ? ದ್ರಾಕ್ಷಿ ತೂಗಿದ ಕೈ ಅಕ್ಕ ಅದು."

ಇಸ್ತ್ರಿ ಅಕ್ಕ ಮೇಜಿನ ಕಂಬಳಿಯ ಜುಂಗು ಕೀಳತೊಡಗಿದಳು. ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು.

"ಎರಡರಲ್ಲಿ ಪಾಯಿಂಟ್ ಎರಡು, ಹತ್ತರಲ್ಲಿ ಒಂದು ಪಾಲು. ಹನ್ನೆರಡು ಮನೆಯವರೂ ತೆಗೆದಿಟ್ಟಿದೀರಿ. ಸೇರಿಸಿದ್ರೆ ಎರಡು ಪಾಯಿಂಟ್ ನಾಲ್ಕು. ಯಾವ ಮಗುವಿನ ಪಾಲಿಗಿಂತಲೂ ದೊಡ್ಡ ಪಾಲು. ಹದಿಮೂರನೇದು ಯಾರಿಗೆ?"

ಇಸ್ತ್ರಿ ಅಕ್ಕ ಕೋಟನ್ನು ಮತ್ತೆ ಎಳೆದುಕೊಂಡು ಸೂಜಿ ಹಿಡಿದಳು. ಬೆರಳಿಗೆ ಚುಚ್ಚಿತು, ರಕ್ತ ಬಿಳಿ ಬಟ್ಟೆಗೆ ತಾಕದ ಹಾಗೆ ಬಾಯಿಗಿಟ್ಟುಕೊಂಡಳು.

"ನನ್ನ ತಪ್ಪು ಏನಿದೆಯೋ ಎಲ್ಲಾ ಬಿಚ್ಚಿಟ್ಟೆ," ಎಂದಳು. "ಬೇಕಿದ್ರೆ ಸಮಿತಿ ಮುಂದೆ ಬಂದು ಕೈ ಕಟ್ಟಿ ನಿಲ್ತೀನಿ. ಅದೊಂದು ಕೇಳಬೇಡಿ. ಅದು ನನ್ನ ಗುಟ್ಟಲ್ಲ."

"ಆ ಮನುಷ್ಯರಿಗೆ ಏನಾದ್ರೂ ಆದ್ರೆ? ಡಾಕ್ಟರ್ ಕಣ್ಣಿಗೆ ಬೀಳದೆ ಕುಡೀತಿದಾರೆ. ಹೊಸ ಔಷಧ."

"ಕುಡೀದೆ ಇದ್ರೆ ಏನಾಗತ್ತೆ ಅಂತ ನಮ್ಮ ಹನ್ನೆರಡು ಜನಕ್ಕೂ ಗೊತ್ತು ಮೇಡಂ."

"ಅಮ್ಮ, ಇದು ಎರಡನೇ ಸಲ ಗುಂಡಿ ಸರಿಸ್ತಿರೋದು," ಎಂದಳು ಹುಡುಗಿ ಇದ್ದಕ್ಕಿದ್ದಂತೆ. "ಹೋದ ತಿಂಗಳೂ ಸರಿಸಿದ್ದೆ."

"ನಿನ್ನ ಕರ್ಚೀಫು ನೋಡ್ಕೊ!" ತಾಯಿಯ ದನಿ ಅಷ್ಟು ಬಿರುಸಾದದ್ದು ಅದೊಂದೇ ಸಲ.

ಹುಡುಗಿ ತುಟಿ ಕಚ್ಚಿಕೊಂಡಳು. ಹೊಲಿಗೆ ಮುಗಿದ ಕೋಟಿಗೆ ತಾಯಿ ಇಸ್ತ್ರಿ ಎಳೆದು, ಮಡಿಸಿ, ಕಾಗದ ತರಲು ಒಳಗೆ ಹೋದಳು. ಆಗ ಹುಡುಗಿ ಸ್ಟೂಲಿನಿಂದ ಇಳಿದು, ಕೋಟಿನ ಜೇಬಿನ ಮೇಲೆ ಕೈಯಿಟ್ಟು, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಎರಡು ಸಲ ತಟ್ಟಿದಳು.

"ಏನದು?" ಕಿವಿಯಮ್ಮ ಮೆಲ್ಲಗೆ ಕೇಳಿದರು.

"ಜೇಬು ಖಾಲಿ ಇದ್ರೆ ಕೋಟಿಗೆ ಹಸಿವಾಗತ್ತೆ," ಎಂದಳು ಹುಡುಗಿ, ಗಂಭೀರವಾಗಿ.

ಕಿವಿಯಮ್ಮ ಅವಳ ತಲೆ ನೇವರಿಸಿದರು. "ನೀನು ಪುಡಿ ಸರಿಯಾಗಿ ಕುಡೀತೀಯಾ?"

"ಬೆಳಿಗ್ಗೆ ಅಮ್ಮ ಕುಡಿಸ್ತಾಳೆ. ಮಧ್ಯಾಹ್ನದ್ದು, ಸಂಜೇದು ನಂದೇ ಜವಾಬ್ದಾರಿ. ನಾನು ದೊಡ್ಡವಳಲ್ವಾ?"

*

ಆಸ್ಪತ್ರೆಯ ಮೆಟ್ಟಿಲ ಬಳಿ ನಿಂತು ಕಿವಿಯಮ್ಮ, ಪ್ರಯೋಗ ನಡೆಸುತ್ತಿದ್ದ ದೊಡ್ಡ ಡಾಕ್ಟರಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಆಚೆಯಿಂದ ಕುರ್ಚಿ ಹಿಂದಕ್ಕೆ ಸರಿದ ಸದ್ದು.

"ಕಲಸಿ ಹಂಚಿದ್ರಾ?" ಎಂದರು ಅವರು. "ಹನ್ನೆರಡು ಜನಕ್ಕೂ? ಅಯ್ಯೋ ದೇವರೇ, ನಾಲ್ಕು ತಿಂಗಳ ಕೆಲಸ ನೀರು ಪಾಲು ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಹಾಗಾದ್ರೆ ಪುಡಿ ಗೆದ್ದಿದೆ ಕಣ್ರೀ!"

"ಪುಡಿ ಮಾಮನ ವಿಷಯ?"

"ಅವನನ್ನ ಬಿಟ್ಟುಬಿಡಿ, ನಾನೇ ಹೋಗಿ ಕ್ಷಮೆ ಕೇಳ್ತೀನಿ. ಸಮಿತಿ ಬಯ್ಯತ್ತೆ, ಬಯ್ಯಲಿ. ಆದರೆ ಸುಡಲ್ಲ, ಮತ್ತೆ ಮೊದಲಿಂದ ಶುರು ಮಾಡೋಕೆ ಬಿಡ್ತಾರೆ. ಒಂದೇ ಷರತ್ತು. ಈಗ ನಮ್ಮ ಕೈಲಿರೋ ಆಧಾರ ರಕ್ತದ ಅಂಕ ಮಾತ್ರ. ಹನ್ನೆರಡೂ ಇಳಿದಿದೆ, ಹನ್ನೆರಡೂ ನಿಜ ಅಂತ ಆ ಅಂಕ ಓದಿ ಬರೆದವರ ಸಹಿ ಬೇಕು. ಐದಕ್ಕೆ ಮುಂಚೆ ತರ್ತೀರಾ?"

ಹದಿಮೂರನೆಯ ಪಾಲಿನ ಮಾತು ಕಿವಿಯಮ್ಮನ ನಾಲಿಗೆಯ ತುದಿಯವರೆಗೆ ಬಂದು ನಿಂತಿತು. ಯಾರೆಂದು ತಿಳಿಯದೆ ಏನೆಂದು ಹೇಳುವುದು? "ತರ್ತೀನಿ," ಎಂದರು.

ಇಸ್ತ್ರಿ ಅಕ್ಕನ ಹೇಳಿಕೆಯನ್ನು ಬರೆದು ಮುಗಿಸುವಷ್ಟರಲ್ಲಿ ನಾಲ್ಕೂವರೆ ದಾಟಿತ್ತು.

ರಕ್ತದ ಚೀಟಿ ಓದುವ ಕೋಣೆ ಪುಡಿ ಮಾಮನ ಕೋಣೆಗೆ ಅಂಟಿಕೊಂಡೇ ಇತ್ತು. ವಾರಕ್ಕೊಮ್ಮೆ ಮನೆಯಲ್ಲೇ ಮಕ್ಕಳ ಬೆರಳು ಚುಚ್ಚಿ, ದಪ್ಪ ಕಾಗದದ ಚೀಟಿಯ ಮೇಲೆ ನಾಲ್ಕು ತೊಟ್ಟು ಒಣಗಿಸಿ ಕಳಿಸುತ್ತಿದ್ದರು. ಚೀಟಿಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಅದನ್ನು ಯಂತ್ರಕ್ಕೆ ಕೊಟ್ಟು ಅಂಕ ಬರೆದಿಡುವುದು ಅಲ್ಲಿದ್ದ ಹುಡುಗಿಯ ಕೆಲಸ. ಇಪ್ಪತ್ತಾರರ ವಯಸ್ಸು, ಮಾತು ಕಡಿಮೆ. ಪುಡಿ ಮಾಮನ ಬಿಸ್ಕತ್ತನ್ನು ನಾಲ್ಕು ವರ್ಷದಿಂದ ಮುಟ್ಟದ ತಂಗಿ ಅವಳೇ.

"ಕೂತ್ಕೊಳ್ಳಿ ಮೇಡಂ." ಅವಳು ಎದ್ದಳು. ಆಗಷ್ಟೇ ಲಾಂಡ್ರಿಯಿಂದ ಬಂದ ಕೋಟು ಮೈಮೇಲೆ ಗರಿಗರಿಯಾಗಿತ್ತು.

ಕಿವಿಯಮ್ಮ ಕೂರಲಿಲ್ಲ. ಕೋಟಿನ ಗುಂಡಿಗಳು ನೀಲಿ ದಾರದಲ್ಲಿದ್ದವು. ಪ್ರತಿ ಗುಂಡಿಯ ಒಳಬದಿಗೆ, ಎರಡು ಬೆರಳು ದೂರದಲ್ಲಿ, ಹಳೆಯ ಹೊಲಿಗೆಯ ಸಣ್ಣ ತೂತು; ಅದರಿಂದ ಇನ್ನೆರಡು ಬೆರಳು ಒಳಗೆ ಇನ್ನೊಂದು ತೂತು.

ಕಿಟಕಿಯ ಮೇಲೆ ಒಂದು ಊಟದ ಡಬ್ಬಿ. ಅದರ ಪಕ್ಕದಲ್ಲಿ ಅಂಗೈಯಗಲದ, ಗ್ರಾಮಿನ ತಕ್ಕಡಿ.

"ಎಷ್ಟು ತಿಂಗಳಮ್ಮ?" ಎಂದರು ಕಿವಿಯಮ್ಮ.

ಹುಡುಗಿ ಬಾಗಿಲ ಕಡೆ ನೋಡಿದಳು. ಮತ್ತೆ ಇವರ ಮುಖ ನೋಡಿದಳು. ಅಲ್ಲಿ ಅವಳಿಗೆ ಏನು ಕಂಡಿತೋ, ಮೆಲ್ಲಗೆ ಕೂತಳು.

"ಐದು ತುಂಬ್ತು."

"ನಿನಗೂ ಅದೇ ಕಾಯಿಲೆ."

"ಹೂಂ. ಹುಟ್ಟಿದಾಗಿಂದ. ಇಲ್ಲಿ ಯಾರಿಗೂ ಹೇಳಿಲ್ಲ, ಗೊತ್ತಾದ್ರೆ ಈ ಯಂತ್ರದ ಮುಂದೆ ಕೂರಿಸ್ತಾರೋ ಇಲ್ವೋ ಅಂತ." ಅವಳ ದನಿ ಸಮವಾಗಿತ್ತು, ಬಹಳ ದಿನದಿಂದ ಮನಸ್ಸಿನಲ್ಲೇ ಹೇಳಿ ಅಭ್ಯಾಸವಾದ ಮಾತಿನ ಹಾಗೆ. "ಮಗುಗೆ ಕಾಯಿಲೆ ಬರದೆ ಇರಬಹುದು ಮೇಡಂ. ಆದರೆ ನನ್ನ ರಕ್ತದಲ್ಲಿ ಅಂಕ ಏರಿದ್ರೆ ಒಳಗಿರೋ ಅದರ ತಲೆಗೆ ಪೆಟ್ಟು. ಹೊಟ್ಟೆಗೆ ಎಷ್ಟು ಕಟ್ಟು ಮಾಡಿದ್ರೂ ಇಳೀಲಿಲ್ಲ. ಬಸುರಿಯರನ್ನ ಪ್ರಯೋಗಕ್ಕೆ ಸೇರಿಸಲ್ಲ, ಅದು ನಿಯಮ. ಸರಿಯಾದ ನಿಯಮವೇ. ಒಂದು ದಿನ ಕೋಟು ಕೊಡೋಕೆ ಹೋದಾಗ ಅಕ್ಕನ ಮೇಜಿನ ಮುಂದೆ ಅಳು ಬಂತು. ಅಷ್ಟೇ. ನಾನು ಕೇಳಲಿಲ್ಲ. ಮುಂದಿನ ಭಾನುವಾರ ಅವರೇ ಪಾಲು ತೆಗೆದಿಟ್ಟರು."

"ಎರಡು ಪಾಯಿಂಟ್ ನಾಲ್ಕು."

"ಹೂಂ. ಎರಡು ಜೀವ ಅಂತ." ಅವಳು ಮೊದಲ ಸಲ ನಕ್ಕಳು. "ಈಗ ಮೂರು ವಾರದಿಂದ ಅಕ್ಕ ಇನ್ನೂ ಎರಡು ಇಡ್ತಿದಾರೆ. ದಿನಾ ಕೋಟಿನ ಜೇಬಲ್ಲಿ. ಎಲ್ಲಿಂದ ಉಳಿಸ್ತಾರೋ! ಪೊಟ್ಟಣದ ಮಾತು ಬಾಯಲ್ಲಿ ಆಡಬಾರದು ಅಂತ ನಮ್ಮಲ್ಲಿ ಒಪ್ಪಂದ, ಹಾಗಾಗಿ ಕೇಳಿಲ್ಲ. ಆದರೆ ಅದು ಶುರುವಾದ ಮೇಲೆ ನನ್ನ ಅಂಕ ಸರಿಯಾಗಿ ಇಳಿದಿದೆ ಮೇಡಂ."

ಅವಳು ಜೇಬಿಗೆ ಕೈ ಹಾಕಿ ಎರಡು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಮೇಲಿನ ಅಂಚು ನುಣ್ಣಗೆ, ಚಪ್ಪಟೆಯಾಗಿತ್ತು.

ಜೇಬು ಖಾಲಿ ಇದ್ರೆ ಕೋಟಿಗೆ ಹಸಿವಾಗತ್ತೆ. ಮಧ್ಯಾಹ್ನದ್ದು, ಸಂಜೇದು ನಂದೇ ಜವಾಬ್ದಾರಿ.

ಕಿವಿಗೊಟ್ಟು ಕೇಳುವುದರಲ್ಲೇ ಇಡೀ ಜೀವನ ಕಳೆದ ಕಿವಿಯಮ್ಮನಿಗೆ, ಕೇಳಿಸಿದ್ದು ಅರ್ಥವಾಗಲು ಎರಡು ಗಂಟೆ ಹಿಡಿದಿತ್ತು. ಅವರು ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಈ ಕಾಗದಕ್ಕೆ ಸಹಿ ಬೇಕಿತ್ತು," ಎಂದರು, ದನಿಯನ್ನು ಆದಷ್ಟು ಸಮ ಮಾಡಿಕೊಂಡು. "ಹನ್ನೆರಡೂ ಅಂಕ ನಿಜ ಅಂತ."

ಹುಡುಗಿ ಪೆನ್ನು ತೆಗೆದಳು. ನಿಬ್ಬು ಕಾಗದದ ಮೇಲೆ ಒಂದು ಚುಕ್ಕೆ ಇಟ್ಟು ನಿಂತಿತು. ಚುಕ್ಕೆ ದೊಡ್ಡದಾಯಿತು.

"ಹನ್ನೊಂದು ನಿಜ," ಎಂದಳು. "ಒಂದು ನಾನು ತಿದ್ದಿದೀನಿ."

"ಯಾಕೆ?"

"ಎಲ್ಲರದ್ದೂ ಇಳಿದು ಒಂದೇ ಒಂದು ಏರಿದ್ರೆ ವಿಚಾರಣೆ ಶುರುವಾಗತ್ತೆ. ಡಬ್ಬಿ ಸಿಗತ್ತೆ, ಅಕ್ಕ ಸಿಕ್ಕಿ ಬೀಳ್ತಾರೆ, ಪುಡಿ ನಿಲ್ಲತ್ತೆ. ಮಕ್ಕಳಿಗೆ ನೆಗಡಿ ಬಂದ್ರೂ ಅಂಕ ಏರತ್ತೆ, ಮುಂದಿನ ವಾರ ಇಳಿಯತ್ತೆ ಅಂದ್ಕೊಂಡೆ. ಮುಂದಿನ ವಾರ ಇನ್ನೂ ಏರ್ತು. ಐನೂರ ತೊಂಬತ್ತು ಅಂತ ಬರೆದಿದೀನಿ." ಅವಳು ಡ್ರಾಯರಿನಿಂದ ಒಂದು ಚೀಟಿ ತೆಗೆದಳು. ನಾಲ್ಕು ಕಂದು ತೊಟ್ಟು, ಮೂಲೆಯಲ್ಲಿ ಏಳು ಎಂಬ ನಂಬರು. "ನಿಜ ಸಾವಿರದ ನೂರ ನಲವತ್ತು. ಇಷ್ಟಾದ್ರೆ ಮಗು ಮಂಕಾಗಿರತ್ತೆ, ಆಕಳಿಸತ್ತೆ, ಗೊತ್ತಿದ್ದದ್ದು ಮರೆಯತ್ತೆ. ಮೂರು ರಾತ್ರಿಯಿಂದ ನಾನು ಕಣ್ಣು ಮುಚ್ಚಿಲ್ಲ ಮೇಡಂ. ಇದು ಯಾರ ಮಗು? ನಿಮ್ಮ ಹತ್ತಿರ ಪಟ್ಟಿ ಇದೆಯಲ್ಲ, ನೋಡಿ ಹೇಳಿ. ನಾನೇ ಆ ತಾಯಿಯ ಕಾಲಿಗೆ ಬೀಳ್ತೀನಿ."

ಕಿವಿಯಮ್ಮ ಪಟ್ಟಿ ತೆಗೆಯಲಿಲ್ಲ. ಏಳನೆಯ ಮನೆಯ ಮೇಲೆ ಅವರ ಬೆರಳು ಮಧ್ಯಾಹ್ನವೇ ನಿಂತಿತ್ತು.

ಗಡಿಯಾರದಲ್ಲಿ ಐದಕ್ಕೆ ಹನ್ನೆರಡು ನಿಮಿಷ. ಮೇಲಿನ ಮಹಡಿಯಲ್ಲಿ ಸಮಿತಿಯವರ ಕುರ್ಚಿಗಳು ಒಂದೊಂದಾಗಿ ಸರಿಯುತ್ತಿದ್ದವು.

ಹುಡುಗಿ ಅಭ್ಯಾಸಬಲದಿಂದಲೋ ಏನೋ ಒಂದು ಪೊಟ್ಟಣದ ಅಂಚು ಹರಿದು, ಲೋಟದ ನೀರಿಗೆ ಸುರಿದಳು. ಹುಳಿಹಿಟ್ಟಿನ ನವಿರಾದ ವಾಸನೆ ಕೋಣೆಯಲ್ಲೆಲ್ಲ ಹರಡಿತು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು.

"ಹೊತ್ತಾಯ್ತು ಮೇಡಂ," ಎಂದಳು, ಲೋಟ ಎತ್ತಿ ಹಿಡಿದು. "ಸಂಜೇದು. ಕುಡೀಲಾ?"